ದೀಪಸ್ತಂಭದ ಕೊನೆಯ ಚೌಕ

ಘಾಟ್ಕೋಪರ್
19 ಜೂನ್ 1955

ಪ್ರೀತಿಯ ವಿನೋದಿನಿ,

“ಯಾರೇ ಆಗಿರು, ಒಳಗೆ ಬಾ.” ಹೀಗೇ ಇತ್ತಲ್ಲವೆ? ಇಲ್ಲ, “ಯಾರೇ ಆಗಿರು, ಒಳಗೆ ಬರಬೇಡ” ಎಂದಿತ್ತೋ? ಎರಡು ದಿನದಿಂದ ಈ ಸಾಲು ನನ್ನನ್ನು ಬಿಟ್ಟಿಲ್ಲ. ಅನ್ನ ಬಸಿಯುವಾಗಲೂ ಅದೇ, ನಲ್ಲಿಯ ಮುಂದೆ ಸಾಲಿನಲ್ಲಿ ನಿಂತಾಗಲೂ ಅದೇ.

ದೀಪಸ್ತಂಭದ ಕಾಮಿಕ್ಸಿನ ಕೊನೆಯ ಚೌಕ ನಿನಗೆ ನೆನಪಿರಲೇಬೇಕು. ಕಾವಲುಗಾರ ದೋಣಿಯಲ್ಲಿ ಹೋದವನು ಬಂದಿಲ್ಲ. ಅವನ ಹೆಂಡತಿ ಒಬ್ಬಳೇ. ಹೊರಗೆ ಬಿರುಗಾಳಿ, ಬಾಗಿಲು ಬಡಿಯುವ ಸದ್ದು. ಅವಳು ಅಗುಳಿಯ ಮೇಲೆ ಕೈ ಇಟ್ಟು ಏನೋ ಹೇಳುತ್ತಾಳೆ, ಕಥೆ ಮುಗಿಯುತ್ತದೆ. ಆ ಇಂಗ್ಲಿಷ್ ಮಾತಿನ ಗುಳ್ಳೆಯ ಮೇಲೆ ಅಂಟಿಸಲು ಕನ್ನಡದ ಚೀಟಿ ಬರೆದವಳು ನಾನೇ. ನೀನು ಮೈದಾ ಅಂಟು ಕಾಯಿಸಿ, ಚೀಟಿಯನ್ನು ಗುಳ್ಳೆಯ ಆಕಾರಕ್ಕೆ ಕತ್ತರಿಸಿ ಕೂರಿಸಿದೆ. ನಾನೇ ಬರೆದದ್ದು ನನಗೇ ನೆನಪಿಲ್ಲವೆಂದರೆ ನಗುತ್ತೀಯೆ. ಟ್ರಂಕಿನಲ್ಲಿ ಅರವತ್ತೆರಡು ಪುಸ್ತಕಗಳಿವೆ. ಅರವತ್ತಮೂರನೆಯದನ್ನು ದಾರಿಯಲ್ಲಿ ಓದಲು ನೀನು ಒಯ್ದಿದ್ದೀಯೆ. ಒಮ್ಮೆ ತೆಗೆದು ನೋಡಿ ತಿಳಿಸು.

ಇನ್ನೊಂದು ಮಾತು. ನಿನ್ನ ಕಾಗದ ಬಂತು. ಉಡುಪಿಯಲ್ಲಿ ಮಳೆ ಜೋರು, ಅಮ್ಮನಿಗೆ ಸುಧಾರಿಸಿದೆ, ಎಂದು ಬರೆದಿದ್ದೀಯೆ. ಆದರೆ ಅಂಚೆಯ ಮುದ್ರೆಯಲ್ಲಿ ಮಲಾಡ್ ಎಂದಿದೆ. ಉಡುಪಿಯ ಮಳೆ ಮಲಾಡಿನಿಂದ ಯಾಕೆ ಬಂತು? ಅಂಚೆಯವನು ಅದನ್ನು ಪಕ್ಕದ ಖೋಲಿಯ ನಾಗವ್ವನ ಕೈಗೆ ಕೊಟ್ಟಿದ್ದ. ಅವಳಿಗೆ ಓದು ಬಾರದು. ಆದರೂ ನಾನು ಬೆರಳಿಗೆ ಉಗುಳು ಹಚ್ಚಿ ಮುದ್ರೆಯನ್ನು ಉಜ್ಜಿ ಅಳಿಸಿದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಏನೋ ಹೆದರಿಕೆಯಾಯಿತು.

ಈ ಕಾಗದವನ್ನು ನಿನ್ನ ಯಜಮಾನ ಸದಾನಂದರ ಕೈಗೇ ಕೊಡುತ್ತೇನೆ. ನಿಮ್ಮ ಹೋಟೆಲಿಗೆ ಬಂದವರಿಗೆಲ್ಲ ಅವರು “ಹೆಂಡತಿ ಊರಿಗೆ ಹೋಗಿದ್ದಾಳೆ” ಎನ್ನುತ್ತಿದ್ದಾರಂತೆ. ಕಾಗದವನ್ನು ಯಾವ ಊರಿಗೆ ಕಳಿಸುತ್ತಾರೋ ಅವರಿಗೇ ಗೊತ್ತು.

ನಿಜ ಹೇಳು. ಒಂದು ಸಾಲು ಸಾಕು.

ಕಾಯುತ್ತಿರುವ
ಶಾಮಲಾ

*

ಮಲಾಡ್
28 ಜೂನ್ 1955

ಶಾಮಲಕ್ಕನಿಗೆ ನಮಸ್ಕಾರ.

ನಿಮ್ಮ ಕಣ್ಣು ತಪ್ಪಿಸಿ ಹೋಗುವುದು ಯಾವುದುಂಟು? ಪೆಟ್ಟಿಗೆ ಅಂಗಡಿಯಲ್ಲಿ ಹತ್ತು ಮಣ ರದ್ದಿಯ ಅಡಿಯಿಂದ ಕಾಮಿಕ್ಸಿನ ಮೂಲೆ ಗುರುತು ಹಿಡಿಯುವವರು ನೀವು. ಮುದ್ರೆ ಮರೆತದ್ದು ನನ್ನದೇ ಬೆಪ್ಪುತನ.

ಉಡುಪಿ ಸುಳ್ಳು. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ನಾನು ಇಲ್ಲಿ ಒಂದು ಆರೋಗ್ಯಧಾಮದಲ್ಲಿ ಇದ್ದೇನೆ. ಮೇ ತಿಂಗಳಲ್ಲಿ ಕೆಮ್ಮಿನಲ್ಲಿ ಕೆಂಪು ಕಂಡಿತು. ಎದೆಯ ಫೋಟೋ ತೆಗೆದರು. ಎರಡಕ್ಷರದ ಆ ಹೆಸರನ್ನು ನಾನು ಬರೆಯುವುದಿಲ್ಲ, ನೀವೂ ಬರೆಯಬೇಡಿ. ದಿನಾ ಒಂದು ಸೂಜಿ, ಮೇಲೆ ಹೊಸ ಮಾತ್ರೆ. ಗುಣವಾಗುತ್ತದೆ ಎನ್ನುತ್ತಾರೆ. ಪಕ್ಕದ ಮಂಚದವಳಿಗೂ ಹಾಗೆಯೇ ಹೇಳಿದ್ದರಂತೆ. ಆ ಮಂಚ ಈಗ ಖಾಲಿ ಉಂಟು.

ಹೊರಗೆ ಗೊತ್ತಾದರೆ ಹೋಟೆಲಿನ ಗತಿ ಏನು, ನೀವೇ ಯೋಚಿಸಿ. ಧನಿಯ ಮನೆಯಲ್ಲಿ ಆ ಕಾಯಿಲೆ ಎಂದರೆ ಯಾರು ಬಂದು ಇಡ್ಲಿ ತಿನ್ನುತ್ತಾರೆ? ಅದಕ್ಕೆ ಇವರು ಊರಿನ ಕಥೆ ಕಟ್ಟಿದರು. ಭಾನುವಾರ ಬರುವಾಗಲೂ ಗುರುತಿನವರು ನೋಡಬಾರದೆಂದು ಗೋರೆಗಾಂವಿನಲ್ಲೇ ಲೋಕಲ್ ಇಳಿದು ನಡೆದು ಬರುತ್ತಾರೆ.

ಕೊನೆಯ ಚೀಟಿಯ ವಿಷಯ. ಪುಸ್ತಕ ಹಾಸಿಗೆಯ ಅಡಿಯಲ್ಲಿತ್ತು. ಇಲ್ಲಿಯ ತೇವಕ್ಕೆ ಅಂಟು ಬಿಟ್ಟು ಚೀಟಿ ಎಲ್ಲಿಯೋ ಹೋಗಿದೆ. ಹೋಗುವಾಗ ಕೆಳಗಿನ ಇಂಗ್ಲಿಷನ್ನೂ ಕಿತ್ತುಕೊಂಡು ಹೋಗಿದೆ. ಆ ಹೆಂಗಸಿನ ಬಾಯಿ ತೆರೆದಿದೆ, ಮಾತಿಲ್ಲ. ನನ್ನ ನೆನಪಿನಲ್ಲಿ “ಬಾ” ಎಂದೇ ಉಂಟು. ಆದರೆ ನನಗೀಗ ಬಾ ಎನ್ನುವವರು ಬೇಕು, ಅದಕ್ಕೆ ಹಾಗೆ ನೆನಪೋ ಏನೋ.

ಇಲ್ಲಿ ಪತ್ರ ಹೊರಗೆ ಬಿಡುತ್ತಾರೆ, ಪುಸ್ತಕ ಬಿಡುವುದಿಲ್ಲ. ರೋಗಿ ಮುಟ್ಟಿದ ಪುಸ್ತಕವನ್ನು ಕೊನೆಗೆ ಸುಡುತ್ತಾರೆ. ನಮ್ಮ ದೀಪಸ್ತಂಭವನ್ನು ಸುಡಲಿಕ್ಕೆ ನಾನು ಕೊಡುವುದಿಲ್ಲ. ಅಪ್ಪಿ ಎಂಬ ಆಯಾ ನಮ್ಮ ಪುತ್ತೂರಿನವಳು. ಅವಳ ಸೆರಗಿನಡಿ ಕಳಿಸುತ್ತೇನೆ, ಅವಳು ಅಂಚೆಗೆ ಹಾಕುತ್ತಾಳೆ. ಎರಡು ದಿನ ಬಿಸಿಲಿಗೆ ಇಟ್ಟು ಆಮೇಲೆ ಮುಟ್ಟಿ. ಹೊಸ ಚೀಟಿ ಬರೆದು ಅಂಟಿಸಿ, ಅಕ್ಕ. ಆಕೆ ಬಾಯಿ ತೆರೆದು ನಿಂತದ್ದನ್ನು ನೋಡಲಾಗುವುದಿಲ್ಲ.

ನಿಮ್ಮದೇ
ವಿನೋದಿನಿ

*

ಘಾಟ್ಕೋಪರ್
17 ಜುಲೈ 1955

ಪ್ರೀತಿಯ ವಿನೋದಿನಿ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನಾನು ಅತ್ತೆನೆಂದರೆ ನಿನಗೆ ಬೇಸರ, ಅದನ್ನು ಬಿಟ್ಟು ಬೇರೆ ಬರೆಯುತ್ತೇನೆ.

ಪುಸ್ತಕ ಬಂತು. ನೀನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದೆ. ಬಿಚ್ಚಿದಾಗ ಫಿನೈಲಿನ ವಾಸನೆ. ಮೊದಲು ಈ ಪುಸ್ತಕಕ್ಕೆ ಎಂಥ ವಾಸನೆ ಇತ್ತು! ಹಡಗಿನವರು ಓದಿ ಬಿಸಾಡಿದ್ದು, ಉಪ್ಪಿನದೋ ತಂಬಾಕಿನದೋ ಹೇಳಲಾಗದು. ಕೋಟೆ ಪೇಟೆಯ ಫುಟ್‌ಪಾತಿನಲ್ಲಿ ಅದು ಸಿಕ್ಕ ದಿನ ನಾವಿಬ್ಬರೂ ಲೋಕಲ್ಲಿನ ಬಾಗಿಲಲ್ಲೇ ನಿಂತು, ಒಂದೊಂದು ಅಂಚು ಹಿಡಿದು, ಕುರ್ಲಾ ಬರುವುದರೊಳಗೆ ಮುಗಿಸಿದ್ದೆವು. ಒಬ್ಬ ಗಂಡಸು “ಬಾಯೀ, ಬಚ್ಚೋಂ ಕಾ ಕಿತಾಬ್?” ಎಂದು, ಮಕ್ಕಳ ಪುಸ್ತಕ ಓದುತ್ತೇವೆಂದು ನಕ್ಕ. ನೀನು “ಹಾಂ, ಆಪ್ ಕೋ ಚಾಹಿಯೇ?” ಎಂದು, ನಿಮಗೂ ಬೇಕೇನು ಎಂಬಂತೆ, ಕೇಳಿದೆ. ಈಗ ನಾನು ಆ ಪುಸ್ತಕವನ್ನು ಚಿಮಟದಲ್ಲಿ ಹಿಡಿದು ಎತ್ತಿದೆ. ಕ್ಷಮಿಸು. ಸುಳ್ಳು ಬರೆಯಬಾರದೆಂದು ಬರೆದೆ.

ಬಿಸಿಲಿಗೆ ಇಡು ಎಂದೆಯಲ್ಲ, ಜುಲೈ ತಿಂಗಳಲ್ಲಿ ಬಿಸಿಲನ್ನು ಎಲ್ಲಿಂದ ತರಲಿ? ಹನ್ನೊಂದು ದಿನವಾಯಿತು ಸೂರ್ಯನ ಮುಖ ಕಂಡು. ಇದ್ದಿಲೊಲೆಯ ಮೇಲಿನ ಹಗ್ಗಕ್ಕೆ ಪುಟ ಬಿಡಿಸಿ ತೂಗುಹಾಕಿದೆ. ಇವರು ಆಫೀಸಿನಿಂದ ಬಂದು, “ಏನಿದು, ಹಪ್ಪಳ ಒಣಗಿಸೋ ಹಾಗೆ?” ಎಂದರು. ನೆನೆದಿದೆ ಎಂದೆ.

ಮೂರನೆಯ ದಿನ ಹಗ್ಗದ ಮೇಲೆ ಪುಸ್ತಕ ಇರಲಿಲ್ಲ.

ನಾಗವ್ವನ ಮಗಳು ಶರಣವ್ವ ಒಯ್ದಿದ್ದಳು. ಎಂದಿನಂತೆ ಬಾಗಿಲು ತೆರೆದಿತ್ತು, ಎಂದಿನಂತೆ ಒಳಗೆ ಬಂದು ತೆಗೆದುಕೊಂಡಿದ್ದಾಳೆ. ಅವಳದೇನು ತಪ್ಪು? ಮರಾಠಿ ಶಾಲೆಗೆ ಹೋಗುವ ಮಗು ಕನ್ನಡ ಕಲಿತದ್ದೇ ನಮ್ಮ ಚೀಟಿಗಳಿಂದ. ಸಂಜೆ ಪುಸ್ತಕ ಹಿಡಿದು ಬಂದು, “ಅಕ್ಕಾರ, ಕೊನೀ ಮಾತು ಬಿದ್ದು ಹೋಗ್ಯಾದ. ಆಕಿ ಬಾಗಲಾ ತಗೀತಾಳೋ ಇಲ್ಲೋ?” ಎಂದು ಕೇಳಿದಳು. ಕೇಳುತ್ತಾ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಪುಟ ತಿರುವಿ ತೋರಿಸಿದಳು.

ಆ ಬೆರಳನ್ನು ನೋಡುತ್ತಾ ನಿಂತೆ. ಕೈ ತೊಳೆದುಕೋ ಎನ್ನಲಿಲ್ಲ. ಎಂದರೆ ಯಾಕೆ ಎಂದು ಕೇಳುತ್ತಾಳೆ. ಅವಳು ಕೇಳದೆ ಬಿಡುವ ಮಗುವಲ್ಲ.

ಹೊಸ ಚೀಟಿ ಬರೆಯಲು ಎರಡು ಸಲ ಕುಳಿತೆ. ಆಗಲಿಲ್ಲ.

ನಿನ್ನ
ಶಾಮಲಾ

*

ಘಾಟ್ಕೋಪರ್
20 ಆಗಸ್ಟ್ 1955

ವಿನೋದಿನಿ,

ನೀನು ಉತ್ತರ ಬರೆದಿಲ್ಲ. ಕೈಯಲ್ಲಿ ಶಕ್ತಿ ಇಲ್ಲವೋ, ನನ್ನ ಚಿಮಟದ ಮಾತು ನೋಯಿಸಿತೋ. ಆದರೂ ಬರೆಯಲೇಬೇಕಾಗಿದೆ.

ಶರಣವ್ವನಿಗೆ ಎರಡು ವಾರದಿಂದ ಸಂಜೆ ಹೊತ್ತು ಜ್ವರ. ಒಣಕೆಮ್ಮು. ಗೋಡೆಯ ಈಚೆಗೆ ಒಂದೊಂದು ಕೆಮ್ಮೂ ಕೇಳುತ್ತದೆ. ನಾನು ಎಣಿಸುತ್ತೇನೆ.

ಮೊನ್ನೆ ನಾಗವ್ವ ಬಂದು ಬಾಗಿಲಲ್ಲಿ ನಿಂತಳು. ಗೊತ್ತಾಗಿಬಿಟ್ಟಿದೆ ಎಂದುಕೊಂಡೆ.

“ಅಕ್ಕಾರ, ನಿಮ್ಮ ಪುಸ್ತಕದಿಂದನs ನನ್ನ ಮಗಳಿಗೆ ಜ್ವರ ಬಂದಾವ ನೋಡ್ರಿ.”

“ಯಾವ ಪುಸ್ತಕ?”

“ಅದೇ, ಸಮುದ್ರದಾಗ ಗುಡಿ ಗೋಪುರದಂಗ ಐತೆಲ್ಲ, ಅದು. ಬಾಗಲಾ ಬಡಿಯೋ ದೆವ್ವದ್ದು. ಕೊನೀಕ ಏನಾತಂತ ಗೊತ್ತಾಗದs ಪೋರಿ ಅಂಜಿಕೊಂಡಾಳ. ಇದು ಅಂಜಿಕೀ ಜ್ವರ. ದೊಡ್ಡಾಕಿ ಆಗಿ ಎಂಥಾ ಪುಸ್ತಕ ಓದ್ತೀರಿ ನೀವು! ನಿಮಗರ ಅಂಜಿಕಿ ಆಗೂದಿಲ್ಲೇನ್ರಿ?”

ಹೇಳಿ ಅವಳೇ ನಕ್ಕಳು. ಅಂಜಿಕೆ ತೆಗೆಸಿ, ಕೊರಳಿಗೆ ಕರಿದಾರ ಕಟ್ಟಿಸಿದ್ದಾಳಂತೆ.

ನಾನೇನು ಹೇಳಿದೆ ಗೊತ್ತೇ? “ತಪ್ಪಾಯಿತು ನಾಗವ್ವ, ಇನ್ನು ಮೇಲೆ ಅಂಥ ಪುಸ್ತಕ ಕೊಡುವುದಿಲ್ಲ” ಎಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು! ದೊಡ್ಡ ತಪ್ಪನ್ನು ಮುಚ್ಚಲು ಚಿಕ್ಕ ತಪ್ಪೊಂದು ತಾನಾಗಿ ಬಾಗಿಲಿಗೆ ಬಂದಿತ್ತು, ಅದನ್ನು ಎತ್ತಿಕೊಂಡೆ.

ನಿನ್ನ ಗುಟ್ಟು ನಿನ್ನದು, ನನ್ನದಲ್ಲ. ಅದಕ್ಕೇ ಕೇಳುತ್ತಿದ್ದೇನೆ. ನಾಗವ್ವನಿಗೆ ನಿಜ ಹೇಳಲೇ?

ಶಾಮಲಾ

*

ಮಲಾಡ್
27 ಆಗಸ್ಟ್ 1955

ಅಕ್ಕ,

ಬೇಡ. ನಿಮ್ಮ ಕಾಲು ಹಿಡಿಯುತ್ತೇನೆ, ಹೇಳಬೇಡಿ.

ನಾಗವ್ವನಿಗೆ ಹೇಳಿದರೆ ನಮ್ಮ ಚಾಳಿನ ಮನೆಮನೆಗೂ ಹೇಳಿದ ಹಾಗೆ. ಅವಳ ಗಂಡ ಶಿವಪುತ್ರಪ್ಪ ಮಿಲ್ಲಿನಿಂದ ಬಂದವನು ನೇರ ನಮ್ಮ ಹೋಟೆಲಿಗೇ ಬರುತ್ತಾನೆ, ಚಹಾ ಕುಡಿಯುತ್ತಾನೆ. ಅವನು ಗ್ಲಾಸು ಎತ್ತಿ ಒಗೆದರೆ ಸಾಕು. ಇವರು ಹತ್ತು ವರ್ಷ ಬೇರೆಯವರ ಹೋಟೆಲಿನಲ್ಲಿ ತಟ್ಟೆ ತೊಳೆದು ಇದನ್ನು ಮಾಡಿದ್ದು. ನಿಮ್ಮನ್ನಾದರೂ ಬಿಡುತ್ತಾರೆಯೇ? ನನ್ನ ಜೊತೆ ಉಂಡವರು ನೀವು.

ಮಕ್ಕಳಿಗೆ ಮಳೆಗಾಲದಲ್ಲಿ ಜ್ವರ ಬರುವುದಿಲ್ಲವೇ? ನಾನೂ ಸಣ್ಣವಳಿರುವಾಗ ಭೂತದ ಕೋಲ ನೋಡಿ ಹೆದರಿ ಎಂಟು ದಿನ ಮಲಗಿದ್ದೆ. ಅಂಜಿಕೆಯ ಜ್ವರವೇ ಇರಬಹುದು. ಇರಬಹುದಲ್ಲ, ಅಕ್ಕ?

ಪುಸ್ತಕವನ್ನು ಸುಟ್ಟುಬಿಡಿ. ನಾನೇ ಹೇಳುತ್ತಿದ್ದೇನೆ, ಸುಟ್ಟುಬಿಡಿ.

ವಿನೋದಿನಿ

*

ಘಾಟ್ಕೋಪರ್
11 ಸೆಪ್ಟೆಂಬರ್ 1955

ವಿನೋದಿನಿ,

ಸುಡಲಿಲ್ಲ. ಒಲೆಯ ಮುಂದೆ ಕುಳಿತು ಮೊದಲ ಪುಟ ಹರಿಯಹೋದೆ. ಆ ಮೊದಲ ಚಿತ್ರದಲ್ಲಿ ದೀಪದ ಹಳದಿ ಗೆರೆ ದಾಟಿ ಸಮುದ್ರದ ನೀಲಿಗೆ ಚೆಲ್ಲಿದೆಯಲ್ಲ, ಅಚ್ಚಿನವನ ತಪ್ಪು, ಅದನ್ನು ನೋಡಿ ನೀನು “ಬೆಳಕು ಸೋರಿದೆ” ಎಂದಿದ್ದೆ. ಕೈ ಬರಲಿಲ್ಲ. ಟ್ರಂಕಿನಲ್ಲಿ ಬೇರೆಯಾಗಿ ಸುತ್ತಿಟ್ಟು ಬೀಗ ಹಾಕಿದ್ದೇನೆ. ಬೀಗ ಹಾಕಿದ್ದು ಇದೇ ಮೊದಲು.

ಇವರಿಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ. “ಶಾಮಲಾ, ಅರವತ್ತಮೂರು ಪುಸ್ತಕವನ್ನೂ ಸುಡು, ಈ ಖೋಲಿ ಬಿಟ್ಟು ಮಾತುಂಗಾಕ್ಕೆ ಹೋಗೋಣ” ಎಂದರು. ಮಗುವಿನ ಹೆಸರು ಎತ್ತಲಿಲ್ಲ. ಕೇಶವಮೂರ್ತಿ ಎಂಬ ಈ ಮನುಷ್ಯ ಇರುವೆಯನ್ನೂ ತುಳಿಯುವವರಲ್ಲ. ಹೆದರಿಕೆ ಒಳ್ಳೆಯವರ ಬಾಯಲ್ಲಿ ಹೀಗೂ ಮಾತನಾಡುತ್ತದೆ.

ಬೇರೆ ದಾರಿ ಹುಡುಕಿದೆ. “ನಾಗವ್ವ, ದೊಡ್ಡ ಆಸ್ಪತ್ರೆಗೆ ಒಮ್ಮೆ ತೋರಿಸು, ಎದೆಯ ಫೋಟೋ ತೆಗೆಸು, ನಾನೂ ಬರುತ್ತೇನೆ” ಎಂದೆ. ಅವಳು ಸೊಂಟಕ್ಕೆ ಕೈ ಇಟ್ಟು, “ಅಂಜಿಕೀಗೆ ದವಾಖಾನಿ ಯಾಕ್ರೀ, ಅಕ್ಕಾರ? ಎದೀ ಫೋಟೋದಾಗ ದೆವ್ವ ಕಾಣತೈತೇನು?” ಎಂದಳು. ನೆರೆಯವರೆಲ್ಲ ನಕ್ಕರು. ನಾನೂ ನಕ್ಕೆ. ಈಗ ತಿಳಿಯಿತೇ? ಅವಳು ಕಟ್ಟಿಕೊಂಡ ಆ ತಪ್ಪು ತಿಳಿವಳಿಕೆಯನ್ನು ನಾನು ಒಪ್ಪಿಕೊಂಡದ್ದರಿಂದಲೇ ಮಗು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿಲ್ಲ. ನಿಜ ಹೇಳದೆ ಅವಳು ಕದಲುವುದಿಲ್ಲ.

ಕಾಮಿಕ್ಸಿನಲ್ಲಿ ನನ್ನನ್ನು ಹೆದರಿಸುತ್ತಿದ್ದದ್ದು ಯಾವತ್ತೂ ದೆವ್ವವಲ್ಲ. ಎರಡು ಚೌಕಗಳ ನಡುವಿನ ಬಿಳಿ ಪಟ್ಟಿ. ಒಂದು ಚೌಕದಲ್ಲಿ ಕೈ ಅಗುಳಿಯ ಮೇಲಿರುತ್ತದೆ, ಮುಂದಿನದರಲ್ಲಿ ಬಾಗಿಲು ತೆರೆದಿರುತ್ತದೆ. ತೆರೆದದ್ದನ್ನು ಯಾರೂ ಬರೆದಿರುವುದಿಲ್ಲ. ಆಗುವುದೆಲ್ಲ ಅಲ್ಲೇ ಆಗುತ್ತದೆ. ಈ ಒಂದು ತಿಂಗಳು ನಾನು ಆ ಪಟ್ಟಿಯಲ್ಲಿ ನಿಂತಿದ್ದೇನೆ. ಆಚೆ ಮಗು ಸಣ್ಣಗಾಗುತ್ತಿದೆ. ಕೊರಳಿನ ಕರಿದಾರ ಈಗ ಸಡಿಲವಾಗಿದೆ.

ಇನ್ನೊಮ್ಮೆ ಕೇಳುತ್ತೇನೆ. ಮೂರನೆಯ ಸಲ ಕೇಳುವುದಿಲ್ಲ.

ಶಾಮಲಾ

*

ಮಲಾಡ್
18 ಸೆಪ್ಟೆಂಬರ್ 1955

ಶಾಮಲಕ್ಕನಿಗೆ,

ಇಲ್ಲಿಯ ಡಾಕ್ಟರಮ್ಮನನ್ನು ಕೇಳಿದೆ. ಪುಸ್ತಕ ಕದ್ದು ಕಳಿಸಿದ್ದನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಪುಸ್ತಕದ ವಿಷಯ ಬಿಟ್ಟು, “ಕಾಗದದಿಂದ ಬರುವುದು ಕಷ್ಟ. ಇಲ್ಲಿಗೆ ಬರುವ ಮೊದಲು ಯಾರ ಹತ್ತಿರ ತುಂಬಾ ಕೂತಿರುತ್ತಿದ್ದಿ?” ಎಂದು ಕೇಳಿದರು.

ಇವರ ಹೆಸರು ಹೇಳಿದೆ. ನಿಮ್ಮ ಹೆಸರು ಹೇಳಿದೆ. ಮೂರನೆಯ ಹೆಸರು ಆಮೇಲೆ ನೆನಪಾಯಿತು.

ನಿಮಗೆ ನೆನಪುಂಟಲ್ಲ ಅಕ್ಕ, ಮಧ್ಯಾಹ್ನ ಕೆಲಸವಾದ ಮೇಲೆ ಗ್ಯಾಲರಿಯಲ್ಲಿ ಶರಣವ್ವ ನನ್ನ ಮಡಿಲಲ್ಲಿ ಕೂರುತ್ತಿದ್ದದ್ದು? ನೀವು ಹೊಸ ಚೀಟಿ ಬರೆದು ಕೊಟ್ಟ ಹಾಗೆಲ್ಲ ನಾನು ಅವಳಿಗೆ ಓದಿ ಹೇಳುತ್ತಿದ್ದೆ. ಕೆನ್ನೆಗೆ ಕೆನ್ನೆ ತಾಗಿಸಿ, ದೆವ್ವ ಬಂದಲ್ಲಿ ಅವಳ ಕಿವಿಯಲ್ಲಿ ಉಫ್ ಎಂದು ಊದುತ್ತಿದ್ದೆ. ಅವಳು ಕಿರುಚಿ ಮತ್ತೆ ಊದು ಎನ್ನುತ್ತಿದ್ದಳು. ದೀಪಾವಳಿಯಿಂದ ಮೇ ವರೆಗೆ. ಆಗಲೇ ನನಗೆ ಕೆಮ್ಮು ಇತ್ತು. ಹೋಟೆಲಿನ ಹೊಗೆ ಎಂದುಕೊಂಡಿದ್ದೆ.

ಪುಸ್ತಕದಿಂದ ಅಲ್ಲ. ನನ್ನಿಂದ.

ಹೇಳಿ ಅಕ್ಕ. ಪುಸ್ತಕದ ಮೇಲೆ ಹಾಕಬೇಡಿ, ನನ್ನ ಹೆಸರು ಹೇಳಿ, ಕಾಯಿಲೆಯ ಹೆಸರು ಹೇಳಿ, ನಾನು ಎಲ್ಲಿದ್ದೇನೆ ಎಂದೂ ಹೇಳಿ. ಇವರು ಈವತ್ತು ಬಂದಿದ್ದರು, ತಿಳಿಸಿದೆ. ಫ್ಲಾಸ್ಕು ತಂದಿದ್ದರು, ಅದನ್ನು ಬಿಚ್ಚದೆ ಕೈಯಲ್ಲಿ ಹಿಡಿದುಕೊಂಡೇ ಕೂತರು. ಏಳುವಾಗ, “ಆ ಹುಡುಗಿಗೆ ದಿನಾ ಒಂದು ಬಿಸ್ಕೀಟು ಕೊಡುತ್ತಿದ್ದೆ, ಈಗ ಬರುವುದಿಲ್ಲ” ಎಂದರು. ಅಷ್ಟೇ. ಬೇಡ ಎನ್ನಲಿಲ್ಲ.

ತಡ ಮಾಡಬೇಡಿ. ತಡ ಮಾಡಿಸಿದವಳು ನಾನು.

ವಿನೋದಿನಿ

*

ಘಾಟ್ಕೋಪರ್
25 ಸೆಪ್ಟೆಂಬರ್ 1955

ಪ್ರೀತಿಯ ವಿನೋದಿನಿ,

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಿನ್ನ ಕಾಗದ ಬಂತು. ಹನ್ನೊಂದೂವರೆಗೆ ನಾಗವ್ವನ ಬಾಗಿಲಲ್ಲಿ ನಿಂತಿದ್ದೆ. ಇನ್ನೂ ಅರ್ಧ ಗಂಟೆ ಕಳೆದಿದ್ದರೆ ಹೋಗುತ್ತಿರಲಿಲ್ಲವೇನೋ.

ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮಗು ಗೋಡೆಯ ಕಡೆ ತಿರುಗಿ ಮಲಗಿತ್ತು. ಹೊಸ್ತಿಲ ಹೊರಗೇ ನಿಂತು ಎಲ್ಲವನ್ನೂ ಹೇಳಿದೆ. ಆ ಎರಡಕ್ಷರವನ್ನೂ ಬಾಯಿ ಬಿಟ್ಟು ಹೇಳಿದೆ: ಕ್ಷಯ. ಹೇಳಿದ ಮೇಲೆ ಅದು ಬಹಳ ಸಣ್ಣ ಶಬ್ದ ಅನ್ನಿಸಿತು.

ನಾಗವ್ವ ತಲೆ ಎತ್ತಲಿಲ್ಲ. ಒಂದು ಕಲ್ಲು ಆರಿಸಿ ತೆಗೆದಳು. ಇನ್ನೊಂದು ತೆಗೆದಳು.

“ನಿಮಗ ಗೊತ್ತಾಗಿ ಎಷ್ಟು ದಿನಾತ್ರಿ?”

“ಜೂನ್ ಕೊನೆಯಿಂದ.”

“ನಾ ದೆವ್ವ ಅಂದಾಗ ಗೊತ್ತಿತ್ತು.”

“ಗೊತ್ತಿತ್ತು.”

“ನಕ್ಕಿದ್ರಿ ನೀವು.”

ಎದ್ದು ಬಂದು ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಲಿಲ್ಲ. ಮಲಗಿದ ಮಗು ಏಳಬಾರದೆಂದು ನಿಧಾನವಾಗಿ, ಒಳಗಿನಿಂದ ಅಗುಳಿ ಬೀಳುವುದು ನನಗೆ ಕೇಳುವ ಹಾಗೆ.

ಗುರುವಾರ ಶಿವಪುತ್ರಪ್ಪ ಮಿಲ್ಲಿಗೆ ರಜೆ ಹಾಕಿ ಮಗಳನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಹೋದ. ನಿನ್ನೆ ಸಂಜೆ ಎದೆಯ ಫೋಟೋ ಬಂತು. ನನಗೆ ಹೇಳಿದವರು ನಾಗವ್ವ ಅಲ್ಲ, ಸದಾನಂದರು. ಶಿವಪುತ್ರಪ್ಪ ಹೋಟೆಲಿಗೆ ಹೋಗಿದ್ದನಂತೆ. ಜಗಳಕ್ಕೆ ಬಂದ ಎಂದು ಸದಾನಂದರು ಗಲ್ಲಾ ಬಿಟ್ಟು ಎದ್ದು ನಿಂತರಂತೆ. ಅವನು ಕುಳಿತು, ಯಾವ ಮಾತ್ರೆ, ಎಷ್ಟು ಸೂಜಿ, ನಿಮ್ಮ ಹೆಂಡತಿಗೆ ಹಸಿವೆ ಬಂತೇ, ಎಂದು ಕೇಳಿದನಂತೆ. ಬಲಗಡೆ ಮೇಲೆ ಒಂದು ಕಲೆ ಇದೆ. ಮೊದಲ ಹಂತ ಎಂದಿದ್ದಾರೆ. ತಿಂಗಳುಗಟ್ಟಲೆ ಔಷಧ. ಇನ್ನೂ ಏನೂ ಹೇಳಲು ಬರುವುದಿಲ್ಲ ಎಂದೂ ಎಂದಿದ್ದಾರೆ. ಆ ಎರಡನೆಯ ಮಾತನ್ನು ಸದಾನಂದರು ಹೇಳದೆ ಬಿಡಬಹುದಿತ್ತು, ಬಿಡಲಿಲ್ಲ. ಹೋಟೆಲಿನಲ್ಲಿ ಮೇಜುಗಳು ಅರ್ಧ ಖಾಲಿ. ಅವರು ಊರಿನ ಕಥೆ ಹೇಳುವುದನ್ನು ನಿಲ್ಲಿಸಿದ್ದಾರೆ.

ನಮ್ಮ ನಲ್ಲಿಯ ಸಾಲಿನಲ್ಲಿ ಈಗ ನನ್ನ ಹಿಂದೆ ಯಾರೂ ನಿಲ್ಲುವುದಿಲ್ಲ, ಮುಂದೆಯೂ ಇಲ್ಲ. ನಾನು ಕೊಡ ತುಂಬಿಸಿ ಬಂದ ಮೇಲೆ ಯಾರೋ ನಲ್ಲಿಯ ಬಾಯಿಗೆ ಬೂದಿ ಹಚ್ಚಿ ತಿಕ್ಕುತ್ತಾರೆ. ಇವರು ಖೋಲಿ ಹುಡುಕಲು ಹೋಗಿದ್ದಾರೆ. ಐದು ದಿನದಿಂದ ನಮ್ಮ ಬಾಗಿಲಿಗೆ ಒಬ್ಬರೂ ಬಂದಿಲ್ಲ. ಬರುವುದಿಲ್ಲವಲ್ಲ ಎಂಬ ಹೆದರಿಕೆ ಒಂದು ಕಡೆ. ಬಂದರೆ ಏನೆನ್ನುತ್ತಾರೋ ಎಂಬುದು ಇನ್ನೊಂದು ಕಡೆ. ಗೋಡೆಯ ಆಚೆಯಿಂದ ಕೆಮ್ಮು ಮಾತ್ರ ಮೊದಲಿನಂತೆ ಬರುತ್ತಿದೆ, ನಾನು ಎಣಿಸುತ್ತೇನೆ.

ನೀನು ಊಟ ಬಿಡಬೇಡ. ತೂಕ ಎಷ್ಟಾಯಿತು, ಬರೆ.

ನಿನ್ನ ಪುಸ್ತಕಗಳನ್ನು ಕಾಯುತ್ತಿರುವ
ಶಾಮಲಾ

ಮಡಿಸುವ ಮೊದಲು ಇಷ್ಟು ಸೇರಿಸುತ್ತೇನೆ. ಹೆಸರು ಬರೆದು ಪೆನ್ನು ಕೆಳಗಿಡುವಾಗ ಯಾರೋ ಬಾಗಿಲು ಬಡಿದರು. ಅಗುಳಿಯ ಮೇಲೆ ಕೈ ಇಟ್ಟು ಎಷ್ಟು ಹೊತ್ತು ನಿಂತೆನೋ. ಮತ್ತೆ ಬಡಿದರು. ತೆಗೆದೆ.

ನಾಗವ್ವ. ಕಣ್ಣು ಊದಿಕೊಂಡಿತ್ತು. ನನ್ನ ಮುಖ ನೋಡದೆ, ನನ್ನ ಹೆಗಲಾಚೆ ಟ್ರಂಕನ್ನು ನೋಡುತ್ತಾ ಹೇಳಿದಳು:

“ಪೋರಿ ಮಾತ್ರೆ ನುಂಗವಲ್ಲಳು. ದೀಪದ ಗೋಪುರದಾಕಿ ಕೊನೀಕ ಏನಂದಳು, ಅದನ್ನ ಹೇಳಿದ್ರನs ನುಂಗ್ತೀನಿ ಅಂತ ಹಟಾ ಹಿಡದಾಳ.”

ನಾನು ತಿರುಗಿ ಟ್ರಂಕಿನ ಬೀಗಕ್ಕೆ ಕೈ ಹಾಕಿದೆ. ಅವಳು ಬಾಗಿಲಿನಿಂದಲೇ ಅಂದಳು:

“ಪುಸ್ತಕ ತರಬ್ಯಾಡ್ರಿ, ಅಕ್ಕಾರ. ನೀವು ಬರ್ರಿ.”